ಜೀಪು ಬಂದಿದ್ದು ಖರೆ

ಕರೋಶಿ
20 ನವೆಂಬರ್ 2025

ಮಾಳೇಶನ ಅಪ್ಪನವರಿಗೆ,

ಮನೆಯಿಂದ ದುಂಡವ್ವ ಕೈ ಮುಗಿದು ಬರೆಯುವ ಕಾಗದ. ನಾನೂ ಮಗಳು ಮನಿಷಾಳೂ ಆರಾಮ ಇದ್ದೇವೆ. ಕುರಿಗಳೂ ನೀವೂ ಆರಾಮ ಇದ್ದೀರೆಂದು ತಿಳಿದಿದ್ದೇನೆ. ನಿಮಗಿಂತ ಮೊದಲು ಕುರಿಗಳನ್ನು ವಿಚಾರಿಸಿದೆನೆಂದು ಸಿಟ್ಟಾಗಬೇಡಿ. ನೀವು ಫೋನು ಮಾಡಿದಾಗಲೂ ಮೊದಲು ಅವುಗಳ ಸುದ್ದಿ, ಆಮೇಲೆ ನಮ್ಮದು.

ಗೆದ್ದೆವು. ನೀವು ಅರ್ಧ ಓದಿ ಮಡಿಚಿ ರುಮಾಲಿನಲ್ಲಿ ಸಿಕ್ಕಿಸಿಕೊಳ್ಳುವವರು ಎಂಬುದು ಗೊತ್ತಿರುವುದರಿಂದ ಇದನ್ನು ಮೇಲೆಯೇ ಬರೆದೆ. ನಮ್ಮ ಮಗನನ್ನು ಕೊಂದ ಫೌಜದಾರನಿಗೆ ನಿನ್ನೆ ಚಿಕ್ಕೋಡಿಯ ಕೋರ್ಟಿನಲ್ಲಿ ಜೀವಾವಧಿ ಶಿಕ್ಷೆ ಆಯಿತು. ಅವನ ಜೊತೆಗಿದ್ದ ಇಬ್ಬರು ಪೊಲೀಸರಿಗೆ ಹತ್ತು ಹತ್ತು ವರ್ಷ. ಇನ್ನು ಮಡಿಚುವುದಿದ್ದರೆ ಮಡಿಚಿ. ಆದರೆ ಓದಿದರೆ ನನಗೆ ಸಂತೋಷವಾಗುತ್ತದೆ.

ಫೋನಿನಲ್ಲಿಯೇ ಹೇಳಬಹುದಿತ್ತಲ್ಲ ಎಂದು ನಿಮ್ಮ ಜೊತೆ ಕುರಿ ಕಾಯುವ ಅಮೋಲ ಕೇಳಿದ. ಹಿಟ್ಟು ಒಯ್ಯಲು ಬಂದವನ ಕೈಯಲ್ಲಿ ಕಾಗದ ಕೊಡುತ್ತೇನೆಂದರೆ ಆ ಹುಡುಗನಿಗೆ ನಗು. ಅವನಿಗೇನು ಗೊತ್ತು? ನಾನು ಫೋನಿನಲ್ಲಿ "ಕೇಸು" ಎಂದರೆ ಸಾಕು, ಕುರಿ ಬೆಳೆಗೆ ನುಗ್ಗಿದವು ಎಂದು ಇಟ್ಟುಬಿಡುತ್ತೀರಿ. ಈ ಮೂರು ವರ್ಷದಲ್ಲಿ ನಿಮ್ಮ ಕುರಿಗಳು ಅಷ್ಟು ಸಲ ಬೆಳೆಗೆ ನುಗ್ಗಿದ್ದು ಖರೆಯೇ ಆಗಿದ್ದರೆ ಕೃಷ್ಣಾ ಹೊಳೆಯ ಎರಡೂ ದಂಡೆಯಲ್ಲಿ ಒಂದು ಕಬ್ಬೂ ಉಳಿಯುತ್ತಿರಲಿಲ್ಲ. ಕಾಗದವನ್ನು ಹಾಗೆ ಕತ್ತರಿಸಲು ಬರುವುದಿಲ್ಲ. ಏಳನೆಯ ತರಗತಿಯವರೆಗೆ ಕಲಿತಿದ್ದು ಇದೊಂದು ಕೆಲಸಕ್ಕಾದರೂ ಬಂತು.

ಆ ದಿನದ ಮಾತನ್ನು ನೀವು ಒಮ್ಮೆಯೂ ಪೂರ್ತಿ ಕೇಳಿಲ್ಲ. ನಾನು ಬಾಯಿ ತೆಗೆದಾಗಲೆಲ್ಲ ಎದ್ದು ಹೋದಿರಿ. ಕೋರ್ಟಿನವರು ಕೂತು ಕೇಳಿದರು, ಇನ್ನು ನೀವೂ ಕೇಳಬೇಕು.

ಬನದ ಹುಣ್ಣಿಮೆ ಹತ್ತಿರ ಬಂದಿತ್ತು. ಬೇಡಕಿಹಾಳದ ಶಾಂತಿನಾಥರ ಹೊಲದಲ್ಲಿ ಕಬ್ಬು ಕಡಿದಿದ್ದರು, ಗೊಬ್ಬರಕ್ಕೆಂದು ನಮ್ಮ ಕುರಿ ನಿಲ್ಲಿಸಿದ್ದೆವು. ನೀವು ಅಂದು ನಿಪ್ಪಾಣಿಯ ಸಂತೆಗೆ ಹೋಗಿದ್ದಿರಿ. ಮಧ್ಯಾಹ್ನ ರೊಟ್ಟಿ ತಿಂದು ಮಾಳೇಶ ಕುಂಟುವ ಕುರಿಯೊಂದನ್ನು ಮೊಣಕಾಲ ನಡುವೆ ಹಿಡಿದುಕೊಂಡು ಗೊರಸು ನೋಡುತ್ತಿದ್ದ. ಅಷ್ಟರಲ್ಲಿ ಜೀಪು ಬಂತು. ಸುತ್ತಲಿನ ಬಾವಿಗಳಲ್ಲಿ ಮೋಟಾರಿನ ಕೇಬಲ್ಲು ಕಳುವಾಗುತ್ತಿವೆ, ನೀನೇ ಕದ್ದವನು ಎಂದು ಫೌಜದಾರ ಅವನ ಅಂಗಿ ಹಿಡಿದ. "ನಾ ಅಲ್ರಿ ಸಾಹೇಬ್ರ, ನಾ ಕುರಿ ಬಿಟ್ಟು ಎಲ್ಲೂ ಹೋಗಿಲ್ರಿ" ಅಂದ ನಮ್ಮ ಹುಡುಗ. ಹದಿನಾರು ತುಂಬಿರಲಿಲ್ಲ. ಕೈಯಲ್ಲಿದ್ದ ಕುರಿಯ ಕಾಲನ್ನು ಬಿಡದೆ ಹಿಡಿದಿದ್ದ, ಅದನ್ನು ಬಿಡಿಸಿಯೇ ಅವನನ್ನು ಎಳೆದರು. ಶಾಂತಿನಾಥರು ಒಡ್ಡಿನ ಮೇಲೆ ನಿಂತಿದ್ದರು. ಹುಡುಗ ಅಂಥವನಲ್ಲ ಎಂದು ಒಂದು ಮಾತು ಅಂದರು ಕೂಡ. ನಾನು ಜೀಪಿನ ಹಿಂದೆ ಡಾಂಬರು ರಸ್ತೆಯವರೆಗೆ ಓಡಿದೆ.

ಸಂಜೆ ಠಾಣೆಗೆ ಹೋದರೆ ಇಲ್ಲಿಗೆ ಯಾರನ್ನೂ ತಂದಿಲ್ಲ ಎಂದರು. ಮರುದಿನ ಬೆಳಿಗ್ಗೆ ಅದೇ ಹೊಲದ ಬಾವಿಯಲ್ಲಿ ಮಗ ಸಿಕ್ಕ. ಮುಂದಿನದು ನಿಮಗೆ ಗೊತ್ತಿದೆ, ಬಾವಿಯಿಂದ ಅವನನ್ನು ಮೇಲೆ ಎತ್ತಿದವರು ನೀವು. ಅದನ್ನು ನಾನು ಬರೆಯುವುದಿಲ್ಲ.

ಪೊಲೀಸರು ಹೇಳಿದ್ದು ಬೇರೆಯೇ. ಜೀಪು ಹೊಲಕ್ಕೆ ಬಂದೇ ಇಲ್ಲ. ಹುಡುಗ ರಾತ್ರಿ ಕೇಬಲ್ಲು ಕದಿಯಲು ಬಾವಿಗೆ ಇಳಿಯುತ್ತಿದ್ದ, ಹೊಲದ ಮನೆಯಲ್ಲಿದ್ದವರು ಕೂಗಿದರು, ಓಡಲು ಹೋಗಿ ಬಿದ್ದ. ಇದಕ್ಕೆ ಸಾಕ್ಷಿ ಯಾರು ಎಂದರೆ ಹೊಲದ ಮಾಲೀಕ ಶಾಂತಿನಾಥರೇ! ಒಡ್ಡಿನ ಮೇಲೆ ನಿಂತು ಎಲ್ಲವನ್ನೂ ನೋಡಿದ ಮನುಷ್ಯ, ಜೀಪನ್ನೇ ನೋಡಿಲ್ಲ ಎಂದು ಸಹಿ ಮಾಡಿದ್ದರು. ಅಂದು ನನಗೆ ಫೌಜದಾರನಿಗಿಂತ ಹೆಚ್ಚು ಸಿಟ್ಟು ಬಂದಿದ್ದು ಅವರ ಮೇಲೆ.

ಆಮೇಲೆ ನಿಮ್ಮ ಮೇಲೆ ಬಂತು. "ಹ್ವಾದಾಂವ ಹ್ವಾದ, ಇದ್ದಾಕಿನ್ನ ಉಳಿಸ್ಕೊಳ್ಳೂಣು" ಅಂದಿರಿ. ಮನೆಯಲ್ಲಿ ಮಗಳಿದ್ದಾಳೆ, ಪೊಲೀಸರ ಜೊತೆ ನಮ್ಮಂಥವರಿಗೆ ಜಗಳ ಬೇಡ ಅಂದಿರಿ. ನಾನು ನಿಮ್ಮನ್ನು ಏನೇನು ಅಂದೆನೋ, ಅದೆಲ್ಲ ಓಣಿಗೇ ಕೇಳಿದೆ. ನೀವು ಕುರಿ ಹೊಡೆದುಕೊಂಡು ಹೋದಿರಿ. ಅಂದಿನಿಂದ ಮನೆಯಲ್ಲಿ ಒಂದು ರಾತ್ರಿ ಮಲಗಿಲ್ಲ. ಕುರಿ ಕಾಯುವವರಿಗೆ ಕೋರ್ಟು ಯಾಕೆ ಬೇಕು ಎಂದು ಊರವರು ನನ್ನ ಬೆನ್ನ ಹಿಂದೆ ಮಾತಾಡಿದರು. ಕೆಲವರು ಎದುರಿಗೇ ಆಡಿದರು. ನಾನು ಚಿಕ್ಕೋಡಿಯ ಬಸ್ಸು ಹತ್ತುವುದನ್ನು ಬಿಡಲಿಲ್ಲ.

ನನಗೆ ಬೇಕಾಗಿದ್ದು ಫೌಜದಾರನ ಜೈಲೊಂದೇ ಅಲ್ಲ. ಸರ್ಕಾರದ ಕಾಗದದಲ್ಲಿ ನನ್ನ ಮಗನ ಹೆಸರಿನ ಮುಂದೆ ಕಳ್ಳ ಎಂದು ಬರೆದಿದ್ದರು. ಸತ್ತವನಿಗೆ ಅದನ್ನು ಒರೆಸಿಕೊಳ್ಳಲು ಕೈಯಿಲ್ಲ. ಒರೆಸುವುದು ನನ್ನ ಕೆಲಸ ಎಂದುಕೊಂಡೆ.

ಸಿಐಡಿಯವರು ಬಂದರು, ಕೇಸಾಯಿತು. ಬಾವಿಯ ಕಲ್ಲು ತಾಗಿ ಆಗುವ ಗಾಯ ಇವಲ್ಲ, ನೀರಿಗೆ ಬೀಳುವ ಮೊದಲೇ ಜೀವ ಹೋಗಿತ್ತು ಎಂದು ಡಾಕ್ಟರು ಹೇಳಿದರು. ಠಾಣೆಯ ಕ್ಯಾಮೆರಾ ಮಾತ್ರ ಅಂದೇ ಕೆಟ್ಟಿತ್ತಂತೆ, ಎಂಥ ಶಾಣ್ಯಾ ಕ್ಯಾಮೆರಾ ನೋಡಿ. ಪೊಲೀಸರ ವಕೀಲರು ಅದನ್ನೇ ಹಿಡಿದರು. ಹುಡುಗನನ್ನು ಯಾರಾದರೂ ಹೊಡೆದಿರಬಹುದು, ಪೊಲೀಸರೇ ಅನ್ನುವುದಕ್ಕೆ ಏನಿದೆ, ಅವರು ಅವನನ್ನು ಒಯ್ದದ್ದನ್ನು ಕಂಡವರು ಯಾರು ಎಂದರು. ಕಂಡವಳು ನಾನೊಬ್ಬಳು. ತಾಯಿ ಏನಾದರೂ ಹೇಳುತ್ತಾಳೆ ಬಿಡಿ ಎಂದರು. ಕೊನೆಗೆ ಇಡೀ ಕೇಸು ಒಂದೇ ಮಾತಿಗೆ ಬಂದು ನಿಂತಿತು: ಹೊಲಕ್ಕೆ ಜೀಪು ಬಂದಿತ್ತೋ ಇಲ್ಲವೋ.

ನಾನು ಸಾಕ್ಷಿ ಕಟ್ಟೆ ಹತ್ತಿದ ದಿನದ ಒಂದು ಮಾತು ಬರೆಯುತ್ತೇನೆ, ನಗಬೇಡಿ. ಗಂಡನ ಹೆಸರೇನು ಎಂದು ಕೇಳಿದರು. ಮದುವೆಯಾದಂದಿನಿಂದ ನಿಮ್ಮ ಹೆಸರು ನನ್ನ ಬಾಯಲ್ಲಿ ಬಂದಿದ್ದಿಲ್ಲವಲ್ಲ. ಮನಿಷಾಳ ಅಪ್ಪ ಎಂದೆ. ಅದು ನಡೆಯುವುದಿಲ್ಲ ಎಂದರು. ಕೆಚ್ಚಲಲ್ಲಿರುವುದು ಮೊದಲು, ಆಮೇಲೆ ಸಿದ್ದ ಎಂದು ಒಗಟು ಹಾಕಿದೆ. ಜಜ್ ಮೇಡಂ ಕನ್ನಡಕದ ಮೇಲಿಂದ ನೋಡಿದರು. ಕೊನೆಗೆ ಕಣ್ಣು ಮುಚ್ಚಿ ಹಾಲಸಿದ್ದ ಎಂದು ಗಟ್ಟಿಯಾಗಿ ಅಂದುಬಿಟ್ಟೆ. ಕೋರ್ಟಿನ ಮಂದಿಯೆಲ್ಲ ಕೇಳಿದರು. ಹೆಂಡತಿ ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ, ನೀವಂತೂ ಆರಾಮ ಇದ್ದೀರಿ.

ಶಾಂತಿನಾಥರ ಸರದಿ ಬಂದಿದ್ದು ಶ್ರಾವಣದಲ್ಲಿ. ಅವರನ್ನು ಕರೆಸಿದ್ದು ಫೌಜದಾರನ ಕಡೆಯವರು. ಬೇಡಕಿಹಾಳದಿಂದ ಅವರ ಸಮಾಜದ ಹಿರಿಯರೂ ನಾಲ್ಕಾರು ಜನ ಬಂದು ಬೆಂಚಿನ ಮೇಲೆ ಕೂತಿದ್ದರು. ಅವರ ಹೆಂಡತಿ ಲಕ್ಷ್ಮಿಬಾಯಿಯವರೂ ಬಂದಿದ್ದರು. ಕುರಿ ನಿಲ್ಲಿಸಿದಾಗ ನಮಗೆ ದಿನಾ ಊಟ ಕೊಡುತ್ತಿದ್ದ ಆ ತಾಯಿ ಅಂದು ನನ್ನತ್ತ ತಿರುಗಿಯೂ ನೋಡಲಿಲ್ಲ. ನಾನೂ ನೋಡಲಿಲ್ಲ.

ಮುದುಕ ಕಟ್ಟೆ ಹತ್ತಿ ಶಾಲೆಯ ಹುಡುಗ ಮಗ್ಗಿ ಒಪ್ಪಿಸುವಂತೆ ಶುರುಮಾಡಿದರು. ಯಾರ ಮುಖವನ್ನೂ ನೋಡುತ್ತಿರಲಿಲ್ಲ. "ಅಂದ ರಾತ್ರಿ ಒಂಬತ್ತರ ಸುಮಾರಿಗೆ ನಾವು ಮನಿಮಂದೆಲ್ಲಾ ಊಟಕ್ಕ ಕುಂತಿದ್ವಿರಿ. ಬಾವಿ ಕಡೆ ಸಪ್ಪಳಾತು. ಕೈ ತೊಳಕೊಂಡು ಬ್ಯಾಟ್ರಿ ಹಿಡಕೊಂಡು ಹೋದ್ವಿರಿ..."

ನನಗೆ ನಗು ಬಂತು.

ಖರೆ ಹೇಳುತ್ತೇನೆ, ಮಾಳೇಶ ಹೋದ ಮೇಲೆ ನಾನು ನಕ್ಕಿದ್ದು ಅದೇ ಮೊದಲು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ನೋಡಿದರೆ ಬಾಗಿಲ ಬಳಿಯ ಪಟ್ಟೇವಾಲಾ ನಗುತ್ತಿದ್ದ, ಟೈಪು ಮಾಡುವ ಹುಡುಗಿ ಕೈ ನಿಲ್ಲಿಸಿದ್ದಳು. ನಮ್ಮ ಕಡೆ ಯಾರಿಗೆ ಗೊತ್ತಿಲ್ಲ ಹೇಳಿ? ಜೈನರ ಮನೆಯಲ್ಲಿ, ಅದೂ ಶಾಂತಿನಾಥರಂಥ ವ್ರತಸ್ಥರ ಮನೆಯಲ್ಲಿ, ಹೊತ್ತು ಮುಳುಗಿದ ಮೇಲೆ ಒಲೆ ಹೊತ್ತುವುದಿಲ್ಲ. ಊಟ ಹಾಗಿರಲಿ, ಅವರು ನೀರು ಕೂಡ ಮುಟ್ಟುವುದಿಲ್ಲ. ಹೊಲದಲ್ಲಿದ್ದಾಗ ದಿನಾಲು ಹೊತ್ತು ಮುಳುಗುವ ಮೊದಲೇ ಕರೆದು ಬುತ್ತಿ ಕೊಡುತ್ತಿದ್ದರು, ಇಷ್ಟು ಬೇಗ ಉಂಡರೆ ರಾತ್ರಿ ಹಸಿವಾಗುತ್ತದೆ ಎಂದು ಮಾಳೇಶ ಗೊಣಗುತ್ತಿದ್ದ. ಆ ಹೇಳಿಕೆ ಬರೆದ ಪೊಲೀಸನು ಯಾವ ಸೀಮೆಯವನೋ, ತನ್ನ ಮನೆಯ ಊಟದ ಹೊತ್ತನ್ನು ಇವರ ಮನೆಗೆ ಹಚ್ಚಿ ಬರೆದಿದ್ದ. ಮುದುಕ ಹೆದರಿಕೆಯಲ್ಲಿ ಅದನ್ನು ಹಾಗೇ ಬಾಯಿಪಾಠ ಮಾಡಿದ್ದರು. ತಾನು ಏನು ಹೇಳುತ್ತಿದ್ದೇನೆಂದು ಅವರ ಕಿವಿಗೇ ಬಿದ್ದಿರಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಇದಕ್ಕೇ.

ಜಜ್ ಮೇಡಂ ಮೇಜು ಕುಟ್ಟಿ ನನ್ನನ್ನು ಗದರಿಸಿದರು. ಅವರು ಮೈಸೂರು ಕಡೆಯವರಂತೆ, ಅವರಿಗೆ ಏನೂ ತಿಳಿದಿರಲಿಲ್ಲ. ಅಷ್ಟರಲ್ಲಿ ಸರ್ಕಾರದ ವಕೀಲರು ಎದ್ದರು. ಸಂಜಯ ಎಂದು ಹೆಸರು, ರಾಯಬಾಗದವರು, ನಮ್ಮ ಪರವಾಗಿ ಮೊದಲಿನಿಂದ ಕೇಸು ನಡೆಸಿದವರು. ಅವರು ಜೋರು ಮಾಡಲಿಲ್ಲ, ಮನೆಯ ಹಿರಿಯರನ್ನು ಮಾತಾಡಿಸುವಂತೆ ಕೇಳಿದರು. ನೀವು ರಾತ್ರಿ ಊಟ ಬಿಟ್ಟ ವ್ರತ ಯಾವಾಗ ಹಿಡಿದಿದ್ದು ಎಂದರು. ತರುಣ ಇದ್ದಾಗ, ಬಸದಿಯಲ್ಲಿ ಮುನಿಗಳ ಮುಂದೆ ಎಂದರು ಮುದುಕ. ಈಗಲೂ ನಡೆಸುತ್ತೀರಾ? ಸಾಯುವತನಕ ನಡೆಸುತ್ತೇನೆ. "ಹಂಗಾದ್ರ ಅಂದ ರಾತ್ರಿ ಒಂಬತ್ತಕ್ಕ ಏನ ಉಂಡ್ರಿ, ಶಾಂತಿನಾಥರ?"

ಆಗ ಅವರಿಗೆ ತಿಳಿಯಿತು. ಮುಖ ಸುಣ್ಣ ಬಳಿದಂತಾಯಿತು.

ಫೌಜದಾರನ ವಕೀಲರು ನಡುವೆ ಎದ್ದು, ಯಾವುದೋ ಕಾರಣಕ್ಕೆ ಅಂದೊಂದು ದಿನ ತಡವಾಗಿ ಉಂಡಿರಬಹುದು, ಹೌದು ಅನ್ನಿ ಎಂದು ದಾರಿ ತೋರಿಸಿದರು. ಹೌದು ಎಂಬ ಒಂದು ಮಾತು ಅಂದಿದ್ದರೆ ಫೌಜದಾರ ಗೆಲ್ಲುತ್ತಿದ್ದ. ನನ್ನ ನಗು ನಿಂತೇಹೋಯಿತು. ಶಾಂತಿನಾಥರು ಹಿಂದೆ ತಿರುಗಿ ಬೆಂಚಿನ ಮೇಲಿದ್ದ ತಮ್ಮವರನ್ನು ನೋಡಿದರು. ಆಮೇಲೆ ಫೌಜದಾರನನ್ನು ನೋಡಿದರು. ಪೊಲೀಸರಿಗಾಗಿ ಆ ಮನುಷ್ಯ ನನ್ನ ಮಗನ ಮೇಲೆ ಸುಳ್ಳು ಹೇಳಿದ್ದರು. ತಮ್ಮ ವ್ರತದ ಮೇಲೆ ಸುಳ್ಳು ಹೇಳಲು ಅವರಿಂದ ಆಗಲಿಲ್ಲ.

"ಊಟ ಸುಳ್ಳರಿ" ಅಂದರು. "ರಾತ್ರಿ ಸುಳ್ಳರಿ. ಜೀಪ ಬಂದಿದ್ದು ಖರೆ. ಮಧ್ಯಾನ್ನ ಬಂದಿತ್ತು. ಈ ಹೆಣ್ಮಗಳು ಅದರ ಹಿಂದ ಓಡಿದ್ಲು. ನಾ ಒಡ್ಡಿನ ಮ್ಯಾಲ ನಿಂತ ನೋಡಿನಿ."

ಮುಂದೆ ಎಲ್ಲವೂ ಹೊರಬಂತು. ಸಹಿ ಮಾಡದಿದ್ದರೆ ನಿನ್ನ ಮಗ ಸಮ್ಮೇದನೇ ಹುಡುಗನನ್ನು ಹಿಡಿದು ಹೊಡೆದ ಎಂದು ಕೇಸು ಹಾಕುತ್ತೇನೆ ಎಂದು ಫೌಜದಾರ ಹೆದರಿಸಿದ್ದನಂತೆ. ಮರುದಿನ ಬೆಳಕು ಹರಿಯುವ ಮೊದಲು ಬಾವಿಯ ಹತ್ತಿರ ಅದೇ ಜೀಪಿನ ಸಪ್ಪಳ ಕೇಳಿ ಹೊರಗೆ ಬಂದ ಇವರನ್ನು ಒಳಗೆ ನಡೆ ಎಂದು ಗದರಿಸಿ ಕಳಿಸಿದ್ದನಂತೆ. ಹೇಳುತ್ತ ಹೇಳುತ್ತ ಮುದುಕ ಅಳಲು ಶುರುಮಾಡಿದರು. ನನಗೆ ಅಳು ಬರಲಿಲ್ಲ. ಎದೆಯ ಮೇಲಿನ ಬೀಸುಕಲ್ಲನ್ನು ಯಾರೋ ಕೆಳಗಿಳಿಸಿದಂತಾಗಿ, ಕೂತಲ್ಲೇ ನೀಟಾಗಿ ಉಸಿರಾಡಿದೆ.

ಮೇಡಂ ಅಂದು ಕೋರ್ಟು ಮುಗಿಸದೆ ಎಲ್ಲವನ್ನೂ ಬರೆಸಿಕೊಂಡರು, ಅವರ ಸಾಕ್ಷಿ ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತ್ತು. ಲಕ್ಷ್ಮಿಬಾಯಿ ತಂದ ಬುತ್ತಿ ಗಂಟು ಬಿಚ್ಚದೆ ಉಳಿಯಿತು, ಗಂಡ ಹೆಂಡತಿ ಇಬ್ಬರೂ ಉಪವಾಸ. ಕೋರ್ಟಿನ ಮೆಟ್ಟಿಲ ಮೇಲೆ ಆ ತಾಯಿ ನನ್ನ ಕೈ ಹಿಡಿದು, ನಾನೂ ಮೂರು ವರ್ಷದಿಂದ ಇವರಿಗೆ ನೆಟ್ಟಗೆ ಬಡಿಸಿಲ್ಲ ದುಂಡವ್ವಾ ಎಂದರು. ಕೈ ಬಿಡಿಸಿಕೊಳ್ಳಬೇಕು ಅನ್ನಿಸಿತು, ಆದರೆ ಬಿಡಿಸಿಕೊಳ್ಳಲಿಲ್ಲ. ಶಾಂತಿನಾಥರನ್ನು ನಾನು ಇನ್ನೂ ಪೂರ್ತಿ ಕ್ಷಮಿಸಿಲ್ಲ. ಅವರು ಅಂದ ಒಂದು ಮಾತು ಮಾತ್ರ ಮನಸ್ಸಿನಲ್ಲಿ ಕೂತಿದೆ: ಮಗನ ಹೆಸರು ತಗೊಂಡು ಹೆದರಿಸಿದರೆ ಅಪ್ಪನಿಗೆ ಮೊಣಕಾಲು ಇರುವುದಿಲ್ಲ. ಆಗ ನಿಮ್ಮ ನೆನಪಾಯಿತು. ನೀವು ಹೆದರಿದ್ದೂ ಮಗಳಿಗಾಗಿ. ನಾನು ನಿಮ್ಮನ್ನು ಹೇಡಿ ಎಂದೆ. ಆ ಮಾತನ್ನು ವಾಪಸು ತೆಗೆದುಕೊಳ್ಳುತ್ತೇನೆ. ಉಳಿದ ಬೈಗುಳಗಳು ಹಾಗೇ ಇರಲಿ, ಅವು ಬೇರೆ ಲೆಕ್ಕದವು.

ಇನ್ನು ನಿನ್ನೆಯ ಸುದ್ದಿ. ಜಜ್ ಮೇಡಂ ತೀರ್ಪನ್ನು ಕನ್ನಡದಲ್ಲಿಯೇ ಓದಿದರು. ಶಿಕ್ಷೆಯ ಮಾತಿಗಿಂತ ಮೊದಲು ಹೀಗೆ ಓದಿದರು: ಕರೋಶಿಯ ಹಾಲಸಿದ್ದನ ಮಗ ಮಾಳೇಶ ಯಾವ ಕಳ್ಳತನವನ್ನೂ ಮಾಡಿರಲಿಲ್ಲ, ಅವನು ತನ್ನ ಕೆಲಸದಲ್ಲಿದ್ದಾಗ ಪೊಲೀಸರು ಅವನನ್ನು ಒಯ್ದು ಹೊಡೆದು ಕೊಂದರು. ನಾನು ಎದ್ದು ನಿಂತು ಕೈ ಮುಗಿದೆ. "ಅದನ್ನ ಇನ್ನೊಮ್ಮಿ ಓದ್ರಿ ಅವ್ವಾರ" ಅಂದೆ. ಪೊಲೀಸರ ವಕೀಲರು ಏನೋ ಅನ್ನಲು ಹೋದರು. ಮೇಡಂ ಕೈ ಎತ್ತಿ ಅವರನ್ನು ಕೂಡಿಸಿ, ನನ್ನ ಮುಖ ನೋಡುತ್ತ ಇನ್ನೊಮ್ಮೆ ಓದಿದರು. ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಬಿಡದೆ ಓದಿದರು. ಮಗ ಹೋದಂದಿನಿಂದ ಒಳಗೆ ಕಟ್ಟಿಕೊಂಡಿದ್ದ ಅಳು ಆಗ ಬಂತು. ಅದು ದುಃಖದ ಅಳು ಅಲ್ಲವೇ ಅಲ್ಲ. ನನ್ನ ಮಗನನ್ನು ನಾನು ಎರಡನೆಯ ಸಲ ಹೆತ್ತಂತಾಯಿತು.

ಫೌಜದಾರನನ್ನು ವ್ಯಾನಿಗೆ ಹತ್ತಿಸುವಾಗ ನಾನು ಎದುರಿಗೆ ಹೋಗಿ ನಿಂತೆ. ಬಯ್ಯಬೇಕೆಂದು ಮಾತು ಕೂಡಿಸಿಟ್ಟಿದ್ದೆ. ಅವನೇ ತಲೆ ತಗ್ಗಿಸಿದ್ದರಿಂದ ಒಂದೂ ಬೇಕಾಗಲಿಲ್ಲ. ಪಕ್ಕದ ಮನೆಯ ರುಕ್ಮವ್ವ ಉಡಿಯಲ್ಲಿ ಭಂಡಾರ ಕಟ್ಟಿಕೊಂಡು ಬಂದಿದ್ದಳು, ಚಾಂಗಭಲೋ ಎಂದು ಕೋರ್ಟಿನ ಮೆಟ್ಟಿಲ ಮೇಲೆಲ್ಲ ಹಾರಿಸಿದಳು. ವಕೀಲರ ಕರಿ ಕೋಟು ಹಳದಿಯಾಯಿತು. ಪಟ್ಟೇವಾಲಾ ಬಯ್ಯಲು ಬಂದವನು ತಾನೇ ಹಣೆಗೆ ಹಚ್ಚಿಕೊಂಡು ಹೋದ. ಊರಿಗೆ ಬಂದರೆ, ನಿನಗೆ ಕೋರ್ಟು ಯಾಕೆ ಬೇಕು ಎಂದಿದ್ದವರೇ ಬಸ್ ಸ್ಟ್ಯಾಂಡಿನಲ್ಲಿ ಹಾರ ಹಿಡಿದು ನಿಂತಿದ್ದರು. ಆ ಫೌಜದಾರ ಕೆಟ್ಟವನೆಂದು ತಮಗೆ ಮೊದಲೇ ಗೊತ್ತಿತ್ತಂತೆ. ತೋಳ ಬಿದ್ದರೆ ಆಳಿಗೊಂದು ಕಲ್ಲು. ಇರಲಿ, ಹಾರ ಹಾಕಿಸಿಕೊಂಡೆ. ಮನೆಗೆ ತಂದು ಮಾಳೇಶನ ಫೋಟೋಕ್ಕೆ ಹಾಕಿದೆ.

ಬೆಳಿಗ್ಗೆ ಎದ್ದು ಅಂಗಳ ಸಾರಿಸಿ, ಬಾಗಿಲಲ್ಲಿ ನಿಂತು ಓಣಿಯ ಎರಡೂ ಕಡೆ ನೋಡಿದೆ. ತಲೆ ಎತ್ತಿಯೇ ನೋಡಿದೆ. ಮನಿಷಾ ಕಾಲೇಜಿಗೆ ಹೋದಳು. ನಾನು ಈ ಕಾಗದ ಬರೆಯಲು ಕೂತೆ. ಅಮೋಲ ಅವಸರ ಮಾಡುತ್ತಿದ್ದಾನೆ, ಅವನಿಗೆ ಚಹಾ ಕೊಟ್ಟು ಕೂಡಿಸಿದ್ದೇನೆ. ಹಿಟ್ಟಿನ ಜೊತೆ ಶೇಂಗಾ ಹಿಂಡಿ ಕಳಿಸಿದ್ದೇನೆ, ಅದು ನಿಮಗೆ.

ಇಂತಿ,
ಕಳ್ಳನಲ್ಲದ ಮಾಳೇಶನ ಅವ್ವ
ದುಂಡವ್ವ

ತಾ.ಕ.: ಒಂದು ಮಾತು ಬೇಕೆಂದೇ ಬರೆಯದೆ ಇಟ್ಟಿದ್ದೆ. ಪ್ರತಿ ತಾರೀಖಿಗೂ ಕುರಿಗಳ ಜೊತೆಗಿರುವ ನಮ್ಮ ಮೋತ್ಯಾ ಕೋರ್ಟಿನ ಗೇಟಿಗೆ ಬಂದು, ನನ್ನ ಕೈಯಿಂದ ರೊಟ್ಟಿ ತಿಂದು, ಬಾಲ ಅಲ್ಲಾಡಿಸುತ್ತ ಕಬ್ಬಿನ ಹಾಲಿನ ಅಂಗಡಿಯ ಹಿಂದೆ ಓಡಿ ಹೋಗುತ್ತಿತ್ತು. ನಿನ್ನೆಯೂ ಬಂದಿತ್ತು. ನೀವು ಕುರಿ ನಿಲ್ಲಿಸಿರುವ ಅಂಕಲಿಯ ಹೊಳೆ ದಂಡೆಯಿಂದ ಚಿಕ್ಕೋಡಿಗೆ ನಾಯಿ ತಾನೊಂದೇ ಬರುವುದಿಲ್ಲ, ಇಷ್ಟು ನನಗೂ ತಿಳಿಯುತ್ತದೆ. ನಿಮಗೆ ಅಡಗಿ ನಿಲ್ಲಲು ಬರುತ್ತದೆ, ಅದಕ್ಕೆ ಬರುವುದಿಲ್ಲ. ಗೇಟಿನ ಹೊರಗೆ ನಿಂತವರಿಗೆ ಒಳಗಿನ ಮಾತು ಕೇಳಿಸಿರಲಾರದು ಎಂದೇ ಇಷ್ಟುದ್ದ ಬರೆದೆ. ಫೌಜದಾರ ಧಾರವಾಡದ ಹೈಕೋರ್ಟಿಗೆ ಅಪೀಲು ಹೋಗುತ್ತಾನಂತೆ, ಹೋಗಲಿ. ಅಷ್ಟು ದೂರ ಆ ನಾಯಿಯನ್ನು ನಡೆಸಬೇಡಿ. ನನ್ನ ಜೊತೆ ಬಸ್ಸಿನಲ್ಲಿ ಬನ್ನಿ, ಒಳಗೆ ಬಂದು ನನ್ನ ಪಕ್ಕದಲ್ಲಿ ಕೂಡಿ.